ಸತ್ಯಾಂಶ: ಏರೋಪ್ಲೇನ್ ಚಿಟ್ಟೆಗೆ ಕೊಂಡಿ ಇದೆಯೇ?

ಕಳ್ಳಿಪೀರ ಹಕ್ಕಿಯ ಕೊಕ್ಕಿನಲ್ಲಿ ಏರೋಪ್ಲೇನ್ ಚಿಟ್ಟೆ ಸಿಕ್ಕಿಕೊಂಡಿರುವ ಫೋಟೋ, ಜೊತೆಗೊಂದು ಸಂದೇಶ: "ಈ ಚಿಟ್ಟೆಯ ಬಾಲದಲ್ಲಿ ವಿಷದ ಕೊಂಡಿ ಇದೆ. ಅದನ್ನು ಮುರಿಯಲೆಂದೇ ಹಕ್ಕಿ ಕೊಂಬೆಗೆ ಬಡಿಯುತ್ತದೆ." ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು.

ಹಕ್ಕಿ ಬಡಿಯುವುದು ನಿಜ. ಕೊಂಡಿಯ ಮಾತು ಸುಳ್ಳು.

ಕಾವೇರಿ ದಡದ ಮಣ್ಣಿನಲ್ಲಿ ಬಿಲ ಕೊರೆದು ಮೊಟ್ಟೆಯಿಡುವ ನೀಲಿಬಾಲದ ಕಳ್ಳಿಪೀರವನ್ನೇ ನೋಡಿ. ಜೇನುನೊಣ ಸಿಕ್ಕರೆ ಮೊದಲು ಕೊಂಬೆಗೆ ಬಡಿಯುತ್ತದೆ. ಆಮೇಲೆ ಅದರ ಹಿಂಭಾಗವನ್ನು ತೊಗಟೆಗೆ ಉಜ್ಜುತ್ತದೆ, ವಿಷ ಹೊರಗೆ ಬರಲಿ ಅಂತ. ಏರೋಪ್ಲೇನ್ ಚಿಟ್ಟೆಯನ್ನು ಬಡಿಯುವುದು ಮಾತ್ರ ಅದರ ಒದ್ದಾಟ ನಿಲ್ಲಿಸಲು. ಹೆಸರು ಏನೇ ಇರಲಿ, ಇದು ಚಿಟ್ಟೆಯ ಜಾತಿಯಲ್ಲ; ಇದಕ್ಕೆ ವಿಷವೂ ಇಲ್ಲ. ಬಾಲದ ತುದಿಯಲ್ಲಿ ಕಾಣುವ ಚಿಮಟದಂಥ ಭಾಗದಿಂದ ಗಂಡು, ಕೂಡುವಾಗ ಹೆಣ್ಣನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ. ಕೈಯಲ್ಲಿ ಹಿಡಿದರೆ ಬಾಯಿಂದ ಸ್ವಲ್ಪ ಚಿವುಟಬಹುದು. ಹಿಡಿದವರದ್ದೇ ತಪ್ಪು, ಅಲ್ವಾ?

ಬೇಟೆಯ ವಿಷಯದಲ್ಲಿ ಇವೆರಡೂ ಒಂದೇ ಗರಡಿಯವು. ಹಕ್ಕಿ ಹಾರುತ್ತಲೇ ಕೊಕ್ಕಿನಿಂದ ಕಚ್ಚಿ ಹಿಡಿದರೆ, ಏರೋಪ್ಲೇನ್ ಚಿಟ್ಟೆ ಆರು ಕಾಲುಗಳನ್ನು ಬುಟ್ಟಿಯ ಹಾಗೆ ಮಾಡಿ ಸೊಳ್ಳೆಯನ್ನು ಬಾಚಿಕೊಳ್ಳುತ್ತದೆ. ಇದರ ಮರಿಗಳು ನೀರೊಳಗೆ ಸೊಳ್ಳೆಮರಿ ತಿನ್ನುತ್ತವೆ. ಮಳೆಗಾಲ ಕಳೆದ ಮೇಲೆ ಬಯಲಲ್ಲಿ ಗುಂಪಾಗಿ ಹಾರುವ ಹಳದಿ ಬಣ್ಣದ ಪ್ಯಾಂಟಾಲ ಜಾತಿಯಂತೂ ಕಡಲು ದಾಟಿ ಮಾಲ್ಡೀವ್ಸ್‌ಗೂ ಹೋಗುತ್ತದೆ. ನಾಲ್ಕೈದು ಸೆಂಟಿಮೀಟರ್ ಉದ್ದದ ಹುಳು!