ಅನ್ಬೋಟೊದಲ್ಲಿ ಮಾರಿಹಬ್ಬ

ಕೆಲಸದ ಮೇಲೆ ಸ್ಪೇನಿನ ಬಿಲ್ಬಾವ್‌ಗೆ ಹೋಗಿ ಎರಡು ತಿಂಗಳಾಗಿತ್ತು. "ಭಾನುವಾರ ಅನ್ಬೋಟೊ ಹತ್ತೋಣ ಬಾ" ಎಂದ ಆಫೀಸಿನ ಗೆಳೆಯ, ಅಪ್ಪಟ ಬಾಸ್ಕ್, ಅಂದರೆ ಆ ಸೀಮೆಯ ಮೂಲದವನು. ಎತ್ತರ ಎಷ್ಟು ಅಂದೆ. 1,331 ಮೀಟರ್. ನನಗೆ ನಗು ಬಂತು. ನಮ್ಮ ನಂದಿಬೆಟ್ಟವೇ 1,478. ಕಾರಲ್ಲಿ ಕೂತು ಅದನ್ನು ಎಷ್ಟು ಸಲ ಹತ್ತಿಲ್ಲ ನಾನು!

"ಅಲ್ಲಿ ಮಾರಿ ಇದ್ದಾಳೆ" ಎಂದ. ಕಿವಿ ನೆಟ್ಟಗಾಯಿತು. ಬಾಸ್ಕರ ಹಳೆಯ ದೇವತೆಯಂತೆ. ನಮ್ಮೂರ ಮಾರಿಗೂ ಇವಳಿಗೂ ನಂಟೇನಿಲ್ಲ, ಹೆಸರು ಕೂಡಿಬಂದಿದೆ ಅಷ್ಟೆ. ಕಡಿದಾದ ಬಂಡೆಯಲ್ಲಿರುವ ಗವಿಯೇ ಅವಳ ಮನೆ. ಶಿಖರಕ್ಕೆ ಮೋಡ ಕವಿದಿದ್ದರೆ ಮನೆಯಲ್ಲಿದ್ದಾಳೆ ಅಂತ ಲೆಕ್ಕ. ಅವಳ ಮನೆಗೆ ಹೋದವರಿಗೆ ಮೂರು ಕಟ್ಟುಪಾಡು: ಅವಳನ್ನು 'ನೀನು' ಎಂದೇ ಮಾತಾಡಿಸಬೇಕು, ಕೂರಬಾರದು, ಹೋದ ಹಾಗೇ ಹೊರಬರಬೇಕು, ಅಂದರೆ ಬೆನ್ನು ತಿರುಗಿಸಬಾರದು. ಮೊದಲನೆಯದು ಸಲೀಸು. ನಾವು ಬಹುವಚನ ಹಚ್ಚುವುದು ಮ್ಯಾನೇಜರಿಗೆ, ದೇವರಿಗಲ್ಲವಲ್ಲ.

ಉರ್ಕಿಯೋಲಾ ಘಾಟಿಯಲ್ಲಿ ಬಸ್ಸಿಳಿದೆವು. ಸಂತ ಆಂತೋನಿಯ ಚರ್ಚಿನ ಮುಂದೆ ದೊಡ್ಡದೊಂದು ಕಲ್ಲು ನಿಲ್ಲಿಸಿದ್ದಾರೆ. ನಮಗೆ ಕಲ್ಲು ಕಂಡರೆ ಕಾಲು ಸುಮ್ಮನಿರುತ್ತಾ? ಮೂರು ಸುತ್ತು ಹಾಕಿ ಕೈಮುಗಿದೆ. ಗೆಳೆಯ ಬಿದ್ದುಬಿದ್ದು ನಕ್ಕ. ಮದುವೆಯಾಗಲು ಜೋಡಿ ಬೇಕಾದವರು ಸುತ್ತುವ ಕಲ್ಲಂತೆ ಅದು. ಮನೆಯಾಕೆಗೆ ಇನ್ನೂ ಹೇಳಿಲ್ಲ.

ಕಾಡುದಾರಿ ಚೆನ್ನಾಗಿತ್ತು. ಗಂಟೆ ಕಟ್ಟಿಕೊಂಡ ಲಾಚಾ ಕುರಿಗಳು. ಮೈತುಂಬ ಜೋಲುವ ಕೂದಲು, ಪಕ್ಕಾ ಒದ್ದೆ ಮಾಪು. ಎದುರಾದವರೆಲ್ಲ "ಔಪಾ!" ಅನ್ನುತ್ತಿದ್ದರು. ನನಗೆ ಅದು "ಅಪ್ಪಾ" ಎಂದೇ ಕೇಳಿಸಿ, "ಏನಪ್ಪಾ" ಅಂತ ಉತ್ತರ ಕೊಡುತ್ತಾ ಹೋದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಅಷ್ಟರಲ್ಲಿ ಸಿರಿಮಿರಿ ಶುರುವಾಯಿತು. ಕನ್ನಡದ ಜೋಡಿಪದದ ಹಾಗಿದ್ದರೂ ಇದು ಅಲ್ಲಿನವರು ಜಿಟಿಜಿಟಿ ಮಳೆಗೆ ಹೇಳುವ ಮಾತು. ಮೇಲೆ ನೋಡಿದರೆ ಶಿಖರವೇ ಇಲ್ಲ, ಬರೀ ಮೋಡ. "ಮನೆಯಲ್ಲಿದ್ದಾಳೆ" ಎಂದ ಗೆಳೆಯ.

ಸಬಲಾಂದಿ ಎಂಬ ಇನ್ನೊಂದು ಘಾಟಿ ದಾಟಿದ ಮೇಲೆ ಬರೀ ಸುಣ್ಣಕಲ್ಲು. ಹತ್ತು ಕೋಟಿ ವರ್ಷಕ್ಕೂ ಹಿಂದೆ ಇದೆಲ್ಲ ಬೆಚ್ಚಗಿನ ಸಮುದ್ರದ ಹವಳದ ದಿಬ್ಬವಾಗಿತ್ತಂತೆ. ಸಮುದ್ರ ಹೋಯಿತು, ಪಾಚಿ ಮಾತ್ರ ಬಿಟ್ಟುಹೋಯಿತು ಅನ್ನಿಸಿತು. ನನ್ನ ಕಾಲಲ್ಲಿ ಸವೆದ ಕ್ಯಾನ್ವಾಸ್ ಶೂ. ಒಂದು ಹೆಜ್ಜೆ ಇಟ್ಟೆ. ಎರಡನೆಯದನ್ನು ಬೆಟ್ಟವೇ ಇಟ್ಟಿತು. ಧಡ್ ಅಂತ ಕೂತೆ. ಪರ್ರ್ ಅಂತ ಪ್ಯಾಂಟೂ ಮಾತಾಡಿತು.

"ಕೂರಬಾರದು!" ಅಂತ ಗೆಳೆಯ ಕೂಗಿದ.

"ಕೂತಿಲ್ಲ ಮಾರಾಯ, ಬಿದ್ದೆ!"

ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕೋಲೂರಿಕೊಂಡು ನನ್ನ ಪಕ್ಕದಲ್ಲೇ ಹತ್ತಿಹೋದರು. "ಔಪಾ!" ಅಂದರು. ಏನಪ್ಪಾ ಅನ್ನಲು ಉಸಿರಿರಲಿಲ್ಲ.

ಬಾಸ್ಕ್ ಶಿಖರಗಳಲ್ಲಿ ಪುಟ್ಟ ಅಂಚೆಪೆಟ್ಟಿಗೆ ಇಡುವ ರೂಢಿಯಿದೆ. ಹತ್ತಿದವರು ತಮ್ಮ ಚೀಟಿ ಹಾಕಿ ಬರುತ್ತಾರೆ. ಗೆಳೆಯನ ಕೈಲಿ ನನ್ನ ವಿಸಿಟಿಂಗ್ ಕಾರ್ಡ್ ಕೊಟ್ಟು ಕಳಿಸಿ, "ತಾಯಿ, ನೀನೇ ಕಾಪಾಡು" ಅಂತ ಏಕವಚನದಲ್ಲೇ ಬೇಡಿಕೊಂಡೆ. ಆಮೇಲೆ ಬಂಡೆಗೆ ಮುಖ ಮಾಡಿ, ನಾಲ್ಕು ಕಾಲಲ್ಲಿ, ಹಿಂದು ಹಿಂದಕ್ಕೇ ಇಳಿದೆ. ಬೆನ್ನು ತೋರಿಸಲೇ ಇಲ್ಲ. ಪ್ಯಾಂಟು ಹರಿದದ್ದು ಹಿಂದೆ ಆದ್ದರಿಂದ, ಕೆಳಗಿನಿಂದ ಬರುತ್ತಿದ್ದವರಿಗೆ ಮಾತ್ರ ಕಷ್ಟವಾಯಿತು.

ಸಂಜೆ ಬಸ್ಸು ಬರುವ ಹೊತ್ತಿಗೆ ಮೋಡ ಸರಿದು ಶಿಖರ ಫಳಫಳ ಹೊಳೆಯುತ್ತಿತ್ತು. ಬಸ್ಸು ಪೂರಾ ಖಾಲಿ. ಡ್ರೈವರ್ ಕನ್ನಡಿಯಲ್ಲಿ ನೋಡಿ, ಕೂತ್ಕೊಳ್ಳಿ ಅಂತ ಕೈ ಮಾಡಿದ. ನಾನು ಕಂಬಿ ಹಿಡಿದುಕೊಂಡು ಕೆಳಗಿನ ದುರಾಂಗೋ ಪಟ್ಟಣದವರೆಗೂ ನಿಂತೇ ಇದ್ದೆ.