ಡೇರಿಯಲ್ಲಿ ಕಲಿತದ್ದಕ್ಕೂ ಅಂಕ ಸಿಗಬೇಕು

ಪ್ರೌಢಶಾಲೆಯ ಮಕ್ಕಳನ್ನು ಕೆಲವು ದಿನ ಕೆಲಸದ ಜಾಗಕ್ಕೆ ಕಳುಹಿಸಿ, ಅಲ್ಲಿ ಕಲಿತದ್ದನ್ನು ಅಂಕದ ಲೆಕ್ಕಕ್ಕೆ ಸೇರಿಸಬೇಕೆಂಬ ಮಾತು ಬಂದಾಗಲೆಲ್ಲ ಶಿಕ್ಷಕರ ಕೊಠಡಿಯಲ್ಲಿ ಮೊದಲು ಏಳುವ ಪ್ರಶ್ನೆ, "ಹಾಗಾದರೆ ಪಾಠ ಮುಗಿಸುವುದು ಯಾವಾಗ?" ಎಂಬುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಾಸನ ಜಿಲ್ಲೆಯ ಹಳ್ಳಿಯ ಶಾಲೆಯಲ್ಲಿ ವಿಜ್ಞಾನ ಬೋಧಿಸುವ ನನಗೆ, ಈ ಇಂಟರ್ನ್‌ಶಿಪ್ ಪಾಠದ ಒಂದು ಭಾಗವೇ ಆಗಬೇಕೆಂದು ದೃಢವಾಗಿ ಅನ್ನಿಸುತ್ತದೆ.

ನಾನು ಬೋಧಿಸುತ್ತ ಬಂದ ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಆರ್ಕಿಮಿಡೀಸ್ ತತ್ವದ ಕೊನೆಗೆ, ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರಿನ ಹೆಸರು ಒಂದೇ ಸಾಲಿನಲ್ಲಿ ಬಂದುಹೋಗುತ್ತದೆ. ಆ ಉಪಕರಣ ಊರಿನ ಹಾಲಿನ ಡೇರಿಯಲ್ಲಿ ದಿನವೂ ಕೆಲಸ ಮಾಡುತ್ತಿರುತ್ತದೆ. ಅದು 28 ತೋರಿಸಿದರೆ ಹಾಲಿನ ಸಾಂದ್ರತೆ ನೀರಿನ 1.028 ಪಟ್ಟು ಎಂದರ್ಥ. ನೀರು ಬೆರೆಸಿದರೆ ರೀಡಿಂಗ್ ಇಳಿಯುತ್ತದೆ. ಕೆನೆ ತೆಗೆದರೆ ಏರುತ್ತದೆ. ಹೀಗಾಗಿ ಕೆನೆ ತೆಗೆದು ಅಳತೆಗೆ ತಕ್ಕಷ್ಟು ನೀರು ಸೇರಿಸಿದ ಹಾಲು ಲ್ಯಾಕ್ಟೋಮೀಟರಿನ ಮುಂದೆ ಒಳ್ಳೆಯ ಹಾಲಿನಂತೆಯೇ ನಿಲ್ಲಬಲ್ಲದು, ಆದ್ದರಿಂದಲೇ ಫ್ಯಾಟ್ ಪರೀಕ್ಷೆಯನ್ನೂ ಮಾಡಬೇಕಾಗುತ್ತದೆ. ಇದನ್ನು ಡೇರಿಯ ಕಾರ್ಯದರ್ಶಿಯ ಪಕ್ಕದಲ್ಲಿ ನಿಂತು ಕಂಡ ಮಗುವಿಗೆ ಸಾಂದ್ರತೆಯ ವ್ಯಾಖ್ಯಾನವನ್ನು ಬಾಯಿಪಾಠ ಮಾಡಿಸುವ ಅಗತ್ಯವೇ ಬೀಳುವುದಿಲ್ಲ. ತನ್ನ ಮನೆಯ ಹಾಲಿಗೆ ದರ ಹೇಗೆ ಗೊತ್ತಾಗುತ್ತದೆ ಎಂಬುದೂ ಅದಕ್ಕೆ ಅಲ್ಲಿಯೇ ತಿಳಿಯುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರರಂಥವರ ಬಳಿ ಕಲಿಯಬೇಕೆಂದು ಹೇಳಿತು. ಕಲಿತ ಗಂಟೆಗಳನ್ನು ಕ್ರೆಡಿಟ್ ಎಂಬ ಮಾನದಲ್ಲಿ ಎಣಿಸುವ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ವರ್ಷಕ್ಕೆ 1200 ಗಂಟೆಗಳ ಕಲಿಕೆಗೆ 40 ಕ್ರೆಡಿಟ್, ಅಂದರೆ 30 ಗಂಟೆಗೆ ಒಂದು ಕ್ರೆಡಿಟ್ ಎಂದು ಲೆಕ್ಕ ಹಾಕಿತು. ಆದರೆ ನಮ್ಮ ಪೋಷಕರ ಮನಸ್ಸಿನಲ್ಲಿರುವುದು ಎಸ್ಸೆಸ್ಸೆಲ್ಸಿಯ 625 ಅಂಕಗಳು ಮಾತ್ರ, ಆ ಲೆಕ್ಕದೊಳಗೆ ಬಾರದ ಯಾವುದಕ್ಕೂ ಅವರು ಸಮಯ ಕೊಡಲಾರರು ಮತ್ತು ಅವರನ್ನು ದೂರುವಂತೆಯೂ ಇಲ್ಲ. ಹಾಗಾಗಿ ಪ್ರತಿ ವಿಷಯಕ್ಕೆ ಈಗಾಗಲೇ ಇರುವ ಆಂತರಿಕ ಅಂಕಗಳಲ್ಲೇ ಇದಕ್ಕೆ ಜಾಗ ಮಾಡಿಕೊಡಬೇಕು. ಅಂಗಡಿಯಿಂದ ಚಿತ್ರ ತಂದು ಅಂಟಿಸುವ ಪ್ರಾಜೆಕ್ಟಿಗೆ ಅಂಕ ಕೊಡುವ ನಾವು ಇದಕ್ಕೆ ಕೊಡಲು ಹಿಂಜರಿಯುವುದು ನನಗೆ ಅರ್ಥವಾಗುವುದಿಲ್ಲ.

ಅಂಕ ಕೊಡುವಾಗ ಮಾತ್ರ ಎಚ್ಚರ ಬೇಕು. ಹಾಜರಿ ಮತ್ತು ಸೀಲು ಹಾಕಿದ ಪ್ರಮಾಣಪತ್ರ ನೋಡಿ ಅಂಕ ಕೊಟ್ಟರೆ ಒಂದೇ ವರ್ಷದಲ್ಲಿ ಪ್ರಮಾಣಪತ್ರಗಳು ಬೇಕಾದಷ್ಟು ಸಿಗತೊಡಗುತ್ತವೆ. ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ 1996ರಲ್ಲಿ ಆರಂಭವಾದ ಮೆಟ್ ಶಾಲೆಯ ವಿದ್ಯಾರ್ಥಿಗಳು ವಾರದಲ್ಲಿ ಎರಡು ದಿನ ಹೊರಗೆ ಕೆಲಸ ಕಲಿತು, ಕಲಿತದ್ದನ್ನು ಎಲ್ಲರೆದುರು ವಿವರಿಸಬೇಕಾಗುತ್ತದೆ. ನಮ್ಮಲ್ಲೂ ದಿನಚರಿ ಪುಸ್ತಕವನ್ನು ಮುಂದಿಟ್ಟುಕೊಂಡು ಶಿಕ್ಷಕರೇ ಪ್ರಶ್ನೆ ಕೇಳಬೇಕು. ಲ್ಯಾಕ್ಟೋಮೀಟರ್ ರೀಡಿಂಗ್ ಸರಿಯಿದ್ದೂ ಹಾಲು ಕಲಬೆರಕೆಯಾಗಿರಬಹುದೇ ಎಂಬ ಒಂದೇ ಪ್ರಶ್ನೆಯಿಂದ ಯಾರು ಕಲಿತರು, ಯಾರು ಸುಮ್ಮನೆ ಕುಳಿತು ಬಂದರು ಎಂಬುದು ತಿಳಿಯುತ್ತದೆ. ಹಾಗೆಯೇ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಕೇಂದ್ರವಾದ ಹಾಸನದ ಎಂಸಿಎಫ್‌ಗೆ ಒಂದು ದಿನ ಹೋಗಿ ಬರುವುದು ಒಳ್ಳೆಯ ಪ್ರವಾಸವಾದೀತು, ಅದನ್ನು ಇಂಟರ್ನ್‌ಶಿಪ್ ಎಂದು ಬರೆದುಕೊಳ್ಳಬಾರದು.

ನನ್ನ ನಿಜವಾದ ಆತಂಕ ಕಾಫಿ ತೋಟಗಳ ಕಡೆಗಿದೆ. ಸಕಲೇಶಪುರ, ಮೂಡಿಗೆರೆಗಳಲ್ಲಿ ಕೊಯ್ಲು ನವೆಂಬರಿನಿಂದ ಫೆಬ್ರುವರಿಯವರೆಗೆ ನಡೆಯುತ್ತದೆ, ಆಳುಗಳ ಕೊರತೆಯೂ ಆಗಲೇ ಹೆಚ್ಚು. ಆ ತಿಂಗಳುಗಳಲ್ಲಿ ಮಕ್ಕಳನ್ನು ಕಳುಹಿಸಿದರೆ ಕಲಿಕೆಯ ಹೆಸರಿನಲ್ಲಿ ಸಂಬಳವಿಲ್ಲದ ಕೂಲಿ ನಡೆದುಹೋಗಬಹುದು. 14ರಿಂದ 18 ವರ್ಷದವರನ್ನು ಸಂಜೆ 7ರಿಂದ ಬೆಳಗ್ಗೆ 8ರವರೆಗೆ ದುಡಿಸಬಾರದು, ಅಪಾಯಕಾರಿ ಕೆಲಸಕ್ಕೆ ಹಚ್ಚಬಾರದು ಎಂದು ಕಾನೂನು ಹೇಳುತ್ತದೆ. ಕಲಿಯಲು ಹೋಗುವ ಮಗುವಿಗೂ ಇದೇ ಕನಿಷ್ಠ ಮಿತಿಯಾಗಬೇಕು, ಹಾಗಾದರೆ ಡೇರಿಯಲ್ಲೂ ಮಕ್ಕಳಿಗೆ ಸಂಜೆಯ ಹಾಲು ಅಳೆಯುವ ಹೊತ್ತೇ ಸರಿ.

ಯಾವ ಮಗು ಎಲ್ಲಿಗೆ ಎಂಬುದನ್ನು ಶಾಲೆಯೇ ನಿರ್ಧರಿಸಬೇಕು. ಪೋಷಕರಿಗೆ ಬಿಟ್ಟರೆ ಪರಿಚಯವಿರುವವರ ಮಕ್ಕಳು ಬ್ಯಾಂಕಿಗೂ ಆಸ್ಪತ್ರೆಗೂ ಹೋಗುತ್ತಾರೆ, ತೋಟದ ಲೈನ್ ಮನೆಯ, ಅಂದರೆ ಕೂಲಿಯವರ ಸಾಲುಮನೆಯ ಮಗು ಅಪ್ಪ ಅಮ್ಮ ದುಡಿಯುವ ತೋಟಕ್ಕೇ ಮತ್ತೆ ಹೋಗುತ್ತದೆ. ಹಣ್ಣು ಬಿಡಿಸುವುದು ಆ ಮಗುವಿಗೆ ಮೊದಲೇ ಗೊತ್ತು. ಕಣದಲ್ಲಿ ಒಣಗಿದ ಪಾರ್ಚ್‌ಮೆಂಟಿನ, ಅಂದರೆ ಹಣ್ಣಿನ ಸಿಪ್ಪೆ ತಿರುಳು ತೆಗೆದ ಕಾಫಿ ಬೀಜದ ತೇವಾಂಶವನ್ನು ಮೀಟರಿನಲ್ಲಿ ನೋಡುವುದು, ತೂಕದ ಪುಸ್ತಕ ಬರೆಯುವುದು, ಮಣ್ಣು ಪರೀಕ್ಷೆಯ ವರದಿ ಓದುವುದು ಅದಕ್ಕೆ ಸಿಗಬೇಕು. ಇದಕ್ಕೆ ಒಪ್ಪುವ ತೋಟದವರನ್ನೂ ಡೇರಿಯ ಕಾರ್ಯದರ್ಶಿಗಳನ್ನೂ ಶಾಲೆಗಳು ಮೊದಲೇ ಭೇಟಿ ಮಾಡಿದರೆ, ಒಂಬತ್ತನೇ ತರಗತಿ ಮುಗಿಸಿದ ಮಕ್ಕಳಿಗೆ ಏಪ್ರಿಲ್ ರಜೆಯಲ್ಲಿ ದಿನಕ್ಕೆ ಮೂರು ಗಂಟೆಯಂತೆ ಹತ್ತು ದಿನಗಳಲ್ಲಿ ಒಂದು ಕ್ರೆಡಿಟ್ಟಿನ ಆ 30 ಗಂಟೆ ತುಂಬುತ್ತದೆ, ಹತ್ತನೇ ತರಗತಿಯ ಒಂದು ಪಾಠವೂ ತಪ್ಪುವುದಿಲ್ಲ.