ಸಾಲವಿದೆ ಎಂದು ಬಾಯಿಬಿಟ್ಟು ಹೇಳಲು ಒಂದು ಜಾಗ

ಕೈ ಬರಿದಾದವರಿಗೆ ಧೈರ್ಯ ತುಂಬುವ ವಿಡಿಯೊಗಳು ಈಗ ದಿನಕ್ಕೆ ಹತ್ತು ಬರುತ್ತವೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿರುತ್ತಾರೆ. ಆದರೆ ಕಂತಿನ ದಿನ ಹತ್ತಿರ ಬಂದಾಗ ದುಡ್ಡಿಲ್ಲ ಎಂಬ ಚಿಂತೆಗಿಂತ ಹೆಚ್ಚಾಗಿ ಹಿಂಡುವುದು ಊರ ಬಾಯಿಗೆ ಬೀಳುತ್ತೇವೆಂಬ ಭಯ. ಮರ್ಯಾದೆಗೆ ಅಂಜಿ ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುತ್ತಾರೆ, ಮನೆಯವರಿಗೂ ತಿಳಿಸುವುದಿಲ್ಲ. ಇಂಥವರಲ್ಲಿ ಭರವಸೆ ಮೂಡಬೇಕಾದರೆ ತಮ್ಮ ಲೆಕ್ಕವನ್ನು ಅಳುಕಿಲ್ಲದೆ ಒಪ್ಪಿಸುವ ಒಂದು ಜಾಗ ಮೊದಲು ಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ನಮ್ಮದು ತಿಪಟೂರು ಸೀಮೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಸಾವಿರಾರು ರೂಪಾಯಿ ಕಡಿಮೆಗೆ ಮಾರಿದರು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಗಿಟುಕು ಅಲುಗಾಡುವವರೆಗೆ ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕು. ಮಗಳ ಮದುವೆ, ಮಗನ ಫೀಸು, ಹಳೆಯ ಕೈಸಾಲ ಎಲ್ಲದಕ್ಕೂ ಆ ಅಟ್ಟವೇ ಗತಿ. ಅಂಥ ಬೆಳೆಯ ಬೆಲೆ ಬಿದ್ದರೆ ಆ ಮನೆಗೆ ಹಿಂದಿನ ವರ್ಷವೂ ಹೋಯಿತು, ಮುಂದಿನ ವರ್ಷವೂ ಹೋಯಿತು.

ಆ ಸಮಯದಲ್ಲಿ ನಮ್ಮ ಅತ್ತೆಯವರ ಸ್ವಸಹಾಯ ಸಂಘದ ಸಭೆಯೊಂದರಲ್ಲಿ ನಾನೂ ಕುಳಿತಿದ್ದೆ. ಸಂಜೆ ಡೇರಿಗೆ ಹಾಲು ಹಾಕಿ ಅಂಗನವಾಡಿಯ ಜಗುಲಿಯಲ್ಲಿ ಸೇರುತ್ತಾರೆ. ಹಣದ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಅದರ ಬೀಗದ ಕೈ ಇನ್ನೊಬ್ಬರ ಸೆರಗಿನ ಗಂಟಿನಲ್ಲಿ. ಒಬ್ಬಾಕೆ ತಲೆ ಎತ್ತದೆ, "ಅಕ್ಕಾ, ಈ ಸಲ ಕಂತು ಕಟ್ಟಲು ನನ್ನಿಂದ ಆಗುವುದಿಲ್ಲ. ಎರಡು ಕಡೆ ಫೈನಾನ್ಸಿನವರಿಗೂ ಕೊಡಬೇಕು" ಎಂದಳು. ಯಾರೂ ಛೀಮಾರಿ ಹಾಕಲಿಲ್ಲ. ಅಸಲು ಎಷ್ಟು ಉಳಿದಿದೆ, ಬಡ್ಡಿ ಎಷ್ಟು, ಗಂಡನಿಗೆ ಗೊತ್ತಿದೆಯೇ ಎಂದು ಕೇಳಿದರು. ಲೆಕ್ಕ ಬರೆಯುವ ಹುಡುಗಿ ನಿರ್ಣಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಎಲ್ಲವನ್ನೂ ಬರೆದು ಕೂಡಿದಳು. ಹಸು ಮಾರಿಬಿಡುತ್ತೇನೆ ಎಂದು ಆಕೆ ಅಂದಾಗ ನಮ್ಮ ಅತ್ತೆ, "ಕರೆಯುವ ಹಸುವಿಗೆ ಮಾತ್ರ ಕೈ ಹಚ್ಚಬೇಡ ತಾಯಿ, ಹಾಲಿನ ಬಟವಾಡೆ ಇದ್ದರೆ ಒಲೆ ಉರಿಯುತ್ತದೆ" ಎಂದರು. ಸಂಘದ ಕಂತನ್ನು ಕೊಬ್ಬರಿ ಮಾರುವವರೆಗೆ ಮುಂದಕ್ಕೆ ಹಾಕಿದರು. ಅಷ್ಟು ಹೊತ್ತಿಗೆ ಗೋಡೆಗೆ ಒರಗಿ ಕುಳಿತಿದ್ದ ಇನ್ನೊಬ್ಬರು, "ನನ್ನದೂ ಇದೇ ಪಾಡು" ಎಂದು ಬಾಯಿ ತೆರೆದರು. ಎಷ್ಟು ತಿಂಗಳಿಂದ ಆ ಮಾತನ್ನು ನುಂಗಿಕೊಂಡಿದ್ದರೋ!

ಈ ಸಂಘಗಳಿಗೆ ನಮ್ಮ ರಾಜ್ಯದಲ್ಲಿ ಹಳೆಯ ಬೇರಿದೆ. 1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳ ಮೇಲೆ ನಂಬಿಕೆ ಕಳೆದುಕೊಂಡ ಜನ, ಅಲ್ಲಿ ಪಡೆದ ಸಾಲವನ್ನು ಮೈರಾಡ ಸಂಸ್ಥೆಗೇ ಮರಳಿಸುತ್ತೇವೆ ಎಂದು ಬಂದರು. ಪರಸ್ಪರ ನಂಬುವ ನೀವು ನಿಮ್ಮ ಗುಂಪಿಗೇ ಏಕೆ ಕಟ್ಟಬಾರದು ಎಂದು ಸಂಸ್ಥೆ ಕೇಳಿತು. ಸಣ್ಣ ಗುಂಪುಗಳು ಹಾಗೆ ಬೆಳೆದವು. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು.

ಕಿರುಸಾಲ ಕಂಪನಿಗಳೂ ಗುಂಪು ಕಟ್ಟುತ್ತವೆ. ಆದರೆ ಅಲ್ಲಿ ಸ್ವಂತ ಉಳಿತಾಯವಿಲ್ಲ, ಕಷ್ಟಸುಖದ ಮಾತಿಲ್ಲ, ಒಬ್ಬರಿಗೊಬ್ಬರು ಜಾಮೀನು ಮಾತ್ರ. ಒಬ್ಬಳು ಕಟ್ಟದಿದ್ದರೆ ಉಳಿದವರನ್ನು ಎಬ್ಬಿಸದೆ ಕೂರಿಸಿಕೊಳ್ಳುತ್ತಾರೆ. ಕೂಡಿ ಆಡಿ ಬೆಳೆದ ಗೆಳತಿಯರೇ ವಸೂಲಿಗೆ ನಿಲ್ಲುವಂತಾಗುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಕಾಣುವುದಿಲ್ಲ. 2025ರ ಆರಂಭದಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಓದಿದೆವು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು ಎಂದಾಯಿತು. ಬೇಕಾಗಿದ್ದ ಕಾನೂನೇ. ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಸಾಲದ ಕಂತಿಗೆ ಹೋಗಬಾರದು ಎಂಬ ರಿಸರ್ವ್ ಬ್ಯಾಂಕ್ ನಿಯಮವೂ 2022ರಿಂದಲೇ ಇದೆ. ಆದರೆ ಬಾಗಿಲಿಗೆ ಬಂದವರನ್ನು ಕಾನೂನು ತಡೆದೀತು. ಒಳಗೆ ಒಬ್ಬಳೇ ಕುಳಿತು ಕೊರಗುವವಳ ಪಕ್ಕದಲ್ಲಿ ಕೂರಲು ಅದರಿಂದಾಗದು.

ನಮ್ಮ ಎಷ್ಟೋ ಸಂಘಗಳಲ್ಲೂ ಈಗ ಮಾತು ನಿಂತಿದೆ. ಮಕ್ಕಳ ಕೈಯಲ್ಲಿ ದುಡ್ಡು ಕಳಿಸಿ ಪುಸ್ತಕಕ್ಕೆ ಸಹಿ ಹಾಕಿಸಿದರೆ ಸಭೆ ಮುಗಿಯಿತು. ದಯವಿಟ್ಟು ಅದನ್ನು ಬಿಟ್ಟು ಬಂದು ಕುಳಿತುಕೊಳ್ಳಿ.

ಇನ್ನು ಗಂಡಸರಿಗಂತೂ ಇಂಥದ್ದೊಂದು ಜಾಗವೇ ಇಲ್ಲ. ಅರಳಿಕಟ್ಟೆಯಲ್ಲಿ ಚುನಾವಣೆಯಿಂದ ಹಿಡಿದು ಕ್ರಿಕೆಟ್‌ವರೆಗೆ ಎಲ್ಲವೂ ಬರುತ್ತದೆ, ಸ್ವಂತ ಸಾಲದ ಮಾತೊಂದು ಬರುವುದಿಲ್ಲ. ಹಾಲಿನ ಡೇರಿಗೆ ಕಟ್ಟಡವಿದೆ, ಬಟವಾಡೆಯ ದಿನ ಎಲ್ಲರೂ ಹೇಗಿದ್ದರೂ ಬರುತ್ತಾರೆ. ಅಂದು ಅರ್ಧ ಗಂಟೆ ಬಾಗಿಲು ಮುಂದೆ ಮಾಡಿಕೊಂಡು ಕೂರಲು ಏನು ಅಡ್ಡಿ? ನಮ್ಮೂರಿನಲ್ಲಿ ಈ ಮಾತನ್ನು ಎತ್ತಿದ್ದೇನೆ. ನಿಮ್ಮೂರಿನಲ್ಲಿ ಗಂಡಸರು ಹೀಗೆ ಕೂರುತ್ತಿದ್ದರೆ ಹೇಗೆ ಶುರುವಾಯಿತು, ಮೊದಲು ಬಾಯಿ ತೆರೆದವರು ಯಾರು ಎಂದು ಬರೆದು ತಿಳಿಸಿ.